ಉಬ್ಬಸ ಹತ್ತಿದ ಮನೆ

ಈ ಕಥೆಯನ್ನು ಹೇಳುವವರೆಲ್ಲ ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತಾರೆ: ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಆ ನೆಲದಡಿ ಯಾರನ್ನೂ ಹೂತಿರಲಿಲ್ಲ. ಮನೆ ಹೊಚ್ಚ ಹೊಸದು. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಕಟ್ಟಿದವರೇ ಅದರಲ್ಲಿ ವಾಸಕ್ಕೆ ಬಂದಿದ್ದರು. ಹಾಗಿದ್ದೂ ಅದು ಉಸಿರಿಗಾಗಿ ಒದ್ದಾಡುತ್ತಿದ್ದುದನ್ನು ಬೀದಿಯಲ್ಲಿ ನಡೆದುಹೋಗುವವರು ಸಹ ಕೇಳಿದ್ದಾರೆ. ಕೆಲವರು ಮನೆ ಕೆಮ್ಮುತ್ತಿತ್ತು ಎಂದೂ ಸೇರಿಸುತ್ತಾರೆ. ಅದು ಬಾಯಿಂದ ಬಾಯಿಗೆ ಹೋಗುವಾಗ ಸೇರಿದ್ದು; ಮನೆಯವರು ಹೇಳಿದ್ದರಲ್ಲಿ ಕೆಮ್ಮು ಇಲ್ಲ.

ಮನೆಯಲ್ಲಿದ್ದವರು ನಾಲ್ವರು. ಬಡಗಿ, ಮನೆಗಳ ನಕ್ಷೆ ಬರೆಯುವ ಅವನ ಹೆಂಡತಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವಿಡೀ ಹಾಸಿಗೆಬಟ್ಟೆ ಒಗೆದು ನಿವೃತ್ತಳಾದ ಅವನ ತಾಯಿ, ಮತ್ತು ಒಬ್ಬಳೇ ಮಗಳು. ಮಗಳ ನಿಜವಾದ ಹೆಸರು ಶಾಲೆಯ ಹಾಜರಿಗಷ್ಟೇ ಉಳಿದಿತ್ತು. ಎಳವೆಯಿಂದಲೂ ಅವಳ ಎದೆಯೊಳಗಿಂದ ಆಟದ ಪೀಪಿಯಂಥ ಸದ್ದು ಹೊರಡುತ್ತಿದ್ದುದರಿಂದ, ಅಳಿಸುವ ಸಂಗತಿಯನ್ನು ನಗೆಯ ಕಡೆಗೆ ತಿರುಗಿಸಲೆಂದು ಅಪ್ಪ ಅವಳನ್ನು ಪೀಪಿ ಎಂದು ಕರೆದ. ಅದೇ ಅಂಟಿಕೊಂಡಿತು.

ಬೀದಿಯ ತುದಿಯಲ್ಲಿ ಕಲ್ಲು ಕೊಯ್ದು ಹೊಳಪು ಕೊಡುವ ಕಾರ್ಖಾನೆಯಿತ್ತು. ಅದರ ಎದುರಿನ ಮಹಡಿಯಲ್ಲಿ ಇವರು ಬಾಡಿಗೆಗಿದ್ದ ಕಾಲದಲ್ಲಿ, ಬೆಳಿಗ್ಗೆ ತೊಳೆದಿಟ್ಟ ತಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಚಿತ್ರ ಬರೆಯಬಹುದಾಗಿತ್ತು. ಧೂಳಿಲ್ಲದ ಕಡೆಗೆ ಹೋಗಿ ಎಂದು ಡಾಕ್ಟರು ಹೇಳಿದರು. ಆದರೆ ಬಡಗಿಯ ಕೆಲಸವೆಲ್ಲ ಆ ಕಾರ್ಖಾನೆಯ ಕಲ್ಲುಗಳನ್ನು ಸಾಗಿಸುವ ಮರದ ಚೌಕಟ್ಟುಗಳನ್ನು ಹೊಡೆಯುವುದೇ ಆಗಿತ್ತು. ಧೂಳು ಇದ್ದಲ್ಲೇ ಅನ್ನವೂ ಇತ್ತು. ಆಗ ಹೆಂಡತಿ, ಬೀದಿ ಬಿಡಲಾಗದಿದ್ದರೆ ಬೀದಿಯ ಧೂಳು ಕಾಲಿಡಲಾಗದ ಮನೆಯನ್ನೇ ಕಟ್ಟೋಣ ಎಂದಳು.

ಹಾಗೆ ಕಟ್ಟಿದರು. ಮರದ ಚೌಕಟ್ಟಿನ ನಡುವೆ ಮೊಳದಗಲ ಒಣಹುಲ್ಲು ಒತ್ತಿ ತುಂಬಿದ ಗೋಡೆಗಳು. ಮೂರು ಪದರ ಗಾಜಿನ ಕಿಟಕಿಗಳು. ಚಳಿಗಾಲದ ಬಿಸಿಲನ್ನು ಒಳಗೆ ಕರೆದು ಬೇಸಿಗೆಯ ಬಿಸಿಲನ್ನು ಹೊರಗೇ ನಿಲ್ಲಿಸುವಂತೆ ಅಳೆದು ಇಳಿಸಿದ ಸೂರು. ಪ್ರತಿ ಸಂದಿಗೂ ಟೇಪು. ಒಲೆ, ನೀರಿನ ಬಿಸಿ, ದೀಪ, ಎಲ್ಲವೂ ಸೂರಿನ ಮೇಲಿನ ಬಿಸಿಲಿನಿಂದಲೇ ನಡೆಯಬೇಕು ಎಂಬುದು ಅವಳ ಲೆಕ್ಕ. ಗಂಡ ಮೊಳೆ ಹೊಡೆದಲ್ಲೆಲ್ಲ ಹೆಂಡತಿ ಹಿಂದಿನಿಂದ ಬಂದು ಟೇಪು ಒತ್ತುತ್ತಿದ್ದಳು. ಇಬ್ಬರೂ ಸೇರಿ ಮನೆಗೆ ಗಾಯ ಮಾಡಿ ಪಟ್ಟಿ ಕಟ್ಟುತ್ತಿದ್ದಾರೆ ಎಂದು ಅಜ್ಜಿ ನಗುತ್ತಿದ್ದಳು.

ಮನೆ ಮುಗಿದ ಮೇಲೆ ಪರೀಕ್ಷೆಯವನು ಬಂದ. ಮುಂಬಾಗಿಲಿನ ಚೌಕಟ್ಟಿಗೆ ದಪ್ಪ ಬಟ್ಟೆ ಬಿಗಿದು, ಅದರ ನಡುವೆ ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯತೊಡಗಿದ. ಹೊಗೆ ಬಿಡುವ ಕಡ್ಡಿಯೊಂದನ್ನು ಹಿಡಿದು ಮೂಲೆ ಮೂಲೆ ತಿರುಗಿದ.

"ಏನು ಹುಡುಕ್ತಿದಾನೆ?" ಎಂದು ಅಜ್ಜಿ ಕೇಳಿದಳು.

"ಎಲ್ಲಾದ್ರೂ ಗಾಳಿ ಸೋರತ್ತಾ ಅಂತ ಅತ್ತೆ."

"ಸೋರಿದ್ರೆ?"

"ಮುಚ್ತೀವಿ."

"ಬಿಸ್ಕತ್ ಡಬ್ಬಕ್ಕೂ ಇಷ್ಟು ಮಾಡಲ್ಲ ಕಣೇ. ಒಳಗಿರೋರು ಉಸಿರಿಗೆ ಏನು ಮಾಡೋದು?"

ಸೊಸೆ ಅವಳನ್ನು ಮೆಟ್ಟಿಲ ಕೆಳಗಿನ ಕಪಾಟಿಗೆ ಕರೆದೊಯ್ದು ಗಾಳಿಯ ಯಂತ್ರವನ್ನು ತೋರಿಸಿದಳು. ಅಡುಗೆಮನೆ, ಬಚ್ಚಲುಮನೆಗಳ ಹಳೆಯ ಗಾಳಿಯನ್ನು ಅದು ಹೊರಗೆ ತಳ್ಳುತ್ತದೆ. ಹೊಸ ಗಾಳಿಯನ್ನು ಸೋಸಿ, ಹಳೆಯದರ ಬಿಸಿಯನ್ನು ಹೊಸದಕ್ಕೆ ದಾಟಿಸಿ, ಮಲಗುವ ಕೋಣೆಗಳಿಗೆ ಬಿಡುತ್ತದೆ. ಆಮೇಲೆ ಹಿತ್ತಲಿಗೆ ಕರೆದೊಯ್ದು ಗೋಡೆಯಲ್ಲಿ ತಲೆಯೆತ್ತರಕ್ಕೆ ಇದ್ದ, ಜಾಲರಿ ಹಾಕಿದ ದುಂಡು ಬಾಯಿಯನ್ನು ತೋರಿಸಿದಳು.

"ನೋಡಿ, ಇಡೀ ಮನೆಗೆ ಗಾಳಿ ಬರೋದು ಇದೊಂದೇ ಕಡೆಯಿಂದ."

ಅಜ್ಜಿ ಜಾಲರಿಯ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡಳು. "ಇಲ್ಲೇ ಧೂಳು ಕೂತಿದೆಯಲ್ಲ."

"ಒಳಗೆ ಫಿಲ್ಟರ್ ಹಿಡಿಯತ್ತೆ."

"ಒಳಗೆ ಬಂದ್ಮೇಲೆ ಹಿಡಿಯತ್ತೆ," ಎಂದು ಅಜ್ಜಿ ಬೆರಳನ್ನು ಒರೆಸಿಕೊಂಡಳು.

ಅತ್ತೆ ಸೊಸೆಯರ ನಡುವೆ ಬಾಯಿಬಿಟ್ಟು ಹೇಳದ ಒಂದು ಗಡಿಯಿತ್ತು. ಕಪಾಟು, ಯಂತ್ರ, ಗೋಡೆ, ಗಾಜು ಇವು ಸೊಸೆಯವು. ಹಿತ್ತಲು, ಬಟ್ಟೆಯ ತಂತಿಗಳು, ಅಲ್ಲಿ ಪ್ರತ್ಯೇಕವಾಗಿ ನಿಂತಿದ್ದ ಒಗೆಯುವ ಶೆಡ್ಡು ಇವು ಅತ್ತೆಯವು. ಒಬ್ಬರ ರಾಜ್ಯದಲ್ಲಿ ಇನ್ನೊಬ್ಬರು ಕೈಯಾಡಿಸುತ್ತಿರಲಿಲ್ಲ. ಆ ಮನೆಯಲ್ಲಿ ಜಗಳ ಕಡಿಮೆಯಿದ್ದದ್ದು ಇದರಿಂದಲೇ ಎಂದು ಬಡಗಿ ಹೇಳುತ್ತಿದ್ದ.

ಹೊಸ ಮನೆಗೆ ಬಂದ ಕೆಲವೇ ವಾರಗಳಲ್ಲಿ ಪೀಪಿಯ ಎದೆಯ ಸದ್ದು ಇಳಿಯುತ್ತ ಬಂದು, ಒಂದು ದಿನ ನಿಂತಿತು. ಬಾಯಿಗೆ ಹಿಡಿದು ಒತ್ತುವ ಔಷಧಿಯ ಪಂಪು ಮೊದಲು ದಿಂಬಿನ ಕೆಳಗಿಂದ ಮೇಜಿಗೆ, ಮೇಜಿನಿಂದ ಡ್ರಾಯರಿಗೆ ಹೋಯಿತು. ಮಗು ಮೆಟ್ಟಿಲನ್ನು ಓಡಿ ಹತ್ತಿತು. ಬಡಗಿ ಕೆಳಗೆ ನಿಂತು, "ಇನ್ನೊಂದ್ಸಲ ಹತ್ತೇ, ನೋಡೋಣ," ಎನ್ನುತ್ತಿದ್ದ. ಅವಳು ಹತ್ತುತ್ತಿದ್ದಳು. ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಆ ಹೆಜ್ಜೆಗಳನ್ನು ಕೇಳಿ, ಸಿಪ್ಪೆಯ ಜೊತೆಗೆ ಅರ್ಧ ಆಲೂಗಡ್ಡೆಯನ್ನೂ ಹೆರೆದು ಹಾಕುತ್ತಿದ್ದಳು.

ಆಮೇಲೆ ಆ ಬೆಳಗು ಬಂತು. ಬಡಗಿ ಕೆಲಸಕ್ಕೂ ಮಗು ಶಾಲೆಗೂ ಹೋಗಿ ಆಗಿತ್ತು. ಅಜ್ಜಿ ಅಂಗಡಿಗೆ ಹೋಗಿದ್ದಳು. ಸೊಸೆ ಮಹಡಿಯ ಮೇಜಿನಲ್ಲಿ ಯಾರದೋ ಮನೆಯ ನಕ್ಷೆ ಬರೆಯುತ್ತ ಕುಳಿತಿದ್ದಾಗ ಕೆಳಗಿನಿಂದ ಪೀಪಿಯ ಉಬ್ಬಸ ಕೇಳಿಸಿತು. ತೆಳ್ಳಗೆ, ಉದ್ದಕ್ಕೆ ಎಳೆದು, ಕೊನೆಯಲ್ಲಿ ಸ್ವಲ್ಪ ನಡುಗಿ ನಿಲ್ಲುವ ಅದೇ ಸದ್ದು. ಅವಳ ಕೈ ತಾನಾಗಿ ಡ್ರಾಯರಿಗೆ ಹೋಯಿತು. ಪಂಪು ಹಿಡಿದು ಮೆಟ್ಟಿಲಿಳಿದು ಬರುವಾಗಲೇ "ಬಂದೆ ಪುಟ್ಟಾ, ನೆಟ್ಟಗೆ ಕೂತ್ಕೋ," ಎಂದಳು. ಕೆಳಗೆ ಬಂದ ಮೇಲಷ್ಟೇ ಮಗು ಮನೆಯಲ್ಲಿಲ್ಲ ಎಂಬುದು ನೆನಪಾಯಿತು.

ಸದ್ದು ಮಾತ್ರ ನಿಲ್ಲಲಿಲ್ಲ. ಅವಳು ಮಗುವಿನ ಮಂಚದ ಕೆಳಗೆ ಬಗ್ಗಿ ನೋಡಿದಳು. ಬಟ್ಟೆಯ ಕಪಾಟು ತೆರೆದು ಕೋಟುಗಳನ್ನು ಸರಿಸಿದಳು. ಕೊನೆಗೆ ಶಾಲೆಗೆ ಫೋನು ಮಾಡಿದಳು.

"ನಿಮ್ಮ ಮಗಳು ಮೈದಾನದಲ್ಲಿ ಆಡ್ತಿದಾಳೆ," ಎಂದಿತು ಅತ್ತಲಿನ ದನಿ. "ಕರೀಬೇಕಾ?"

"ಬೇಡ," ಎಂದಳು ತಾಯಿ. ಫೋನು ಕೆಳಗಿಟ್ಟಾಗ ಮುಂಬಾಗಿಲಿನ ಕಡೆಯಿಂದ ಇನ್ನೊಂದು ಉಸಿರು ಎಳೆದು ನಿಂತಿತು.

ಸಂಜೆಯ ಊಟಕ್ಕೆ ಬಡಗಿಯ ಚಿಕ್ಕಪ್ಪ ಬಂದಿದ್ದ. ಬಸ್ಸು ಓಡಿಸಿ ನಿವೃತ್ತನಾಗಿ, ವಾರಕ್ಕೊಮ್ಮೆ ಅತ್ತಿಗೆಯ ಕೈಯಡುಗೆಗೆಂದು ಬರುವವನು, ಪೀಪಿಗೆ ಚಿಕ್ಕಜ್ಜ. ಅನ್ನಕ್ಕೆ ಬೇಳೆ ಸುರಿದುಕೊಂಡು ಅವನು, "ಬಾಗಿಲು ತೆಗೆಯೋಕೆ ಒಳಗಿಂದ ಯಾರೋ ಬಿಡ್ತಾನೇ ಇರ್ಲಿಲ್ಲ ಕಣೋ. ಎಳೆದಾಡಿ ಬಂದೆ. ನಿಮ್ಮನೇಲಿ ನನ್ನ ಮೇಲೆ ಕೋಪ ಯಾರಿಗೆ?" ಎಂದ.

"ಬಾಗಿಲಿನ ರಬ್ಬರು ಹೊಸದು ಚಿಕ್ಕಪ್ಪ, ಬಿಗಿ," ಎಂದ ಬಡಗಿ.

"ಬಿಗಿ ಅಂದ್ರೆ ಬಾಗಿಲು ಸುಮ್ನಿರ್ಬೇಕು. ಇದು ಕೈಯಿಂದ ಕಿತ್ಕೊಳ್ಳತ್ತೆ."

ಆಗ ಅದು ಮತ್ತೆ ಕೇಳಿಸಿತು. ಒಲೆ ಉರಿಯುವ ಹೊತ್ತಿಗೆ ಯಂತ್ರ ವೇಗವಾಗಿ ಓಡುತ್ತಿದ್ದುದರಿಂದ ಸದ್ದೂ ದೊಡ್ಡದಾಗಿತ್ತು. ಎಲ್ಲರೂ ಪೀಪಿಯ ಕಡೆಗೆ ತಿರುಗಿದರು. ಪೀಪಿ ಬಾಯಿತುಂಬ ಅನ್ನವಿಟ್ಟುಕೊಂಡು, "ನಾನಲ್ಲ," ಎಂದಳು.

"ನಿಮ್ಮನೆ ಗೊರಕೆ ಹೊಡೆಯತ್ತಲ್ಲೋ," ಎಂದು ಚಿಕ್ಕಜ್ಜ ನಕ್ಕ. ಅವನ ಜೊತೆಗೆ ಯಾರೂ ನಗದಿದ್ದಾಗ ನಗುವನ್ನು ನುಂಗಿ ನೀರು ಕುಡಿದ. ಬಚ್ಚಲುಮನೆಯ ಬಾಗಿಲು ತಾನಾಗಿ ಅಂಗೈಯಗಲ ತೆರೆದುಕೊಂಡಿತು; ಸ್ವಲ್ಪ ತಡೆದು ಮುಚ್ಚಿಕೊಂಡಿತು.

"ನಾನು ಆವಾಗಿಂದಾನೇ ಕೇಳ್ತಿದೀನಿ," ಎಂದಳು ಅಜ್ಜಿ. "ಇವಳದ್ದು ನಿಂತ ವಾರದಿಂದ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಸರಿಮಾಡೋಕೆ ಹೋಗ್ತೀಯ ಅಂತ."

ಸೊಸೆಗೆ ಅರ್ಥವಾಗಲಿಲ್ಲ. ಅಜ್ಜಿ ಪೀಪಿಯನ್ನು ಕೈತೊಳೆಯಲು ಕಳಿಸಿ, ದನಿ ತಗ್ಗಿಸಿ ಹೇಳಿದಳು. "ಆರು ವರ್ಷ ಆ ಎದೆಯಲ್ಲಿ ಮನೆ ಮಾಡ್ಕೊಂಡಿದ್ದದ್ದು. ಒಂದೇ ಸಲ ಸುಮ್ನೆ ಹೋಗ್ಬಿಡತ್ತಾ? ಅವಳನ್ನ ಬಿಟ್ಟಿತು, ಮನೆಯನ್ನ ಹಿಡೀತು. ಮನೆಗೇನು, ತಡ್ಕೊಳ್ಳತ್ತೆ. ಮುಟ್ಟಬೇಡ ಅದನ್ನ. ಇಲ್ಲಿಂದ ಓಡಿಸಿದ್ರೆ ಅದಕ್ಕೆ ಗೊತ್ತಿರೋ ಜಾಗ ಇನ್ನೊಂದೇ."

ಬಚ್ಚಲಿನ ನಲ್ಲಿಯ ಸದ್ದು ನಿಂತು, ಪೀಪಿ ಒದ್ದೆ ಕೈ ಒದರುತ್ತ ಬಂದಳು.

ಮರುದಿನದಿಂದ ಸೊಸೆ ತನ್ನ ಮನೆಯನ್ನು ತಾನೇ ತಪಾಸಣೆ ಮಾಡತೊಡಗಿದಳು. ಕಪಾಟು ತೆರೆದು ಯಂತ್ರವನ್ನು ನೋಡಿದಳು. ಎರಡೂ ಫ್ಯಾನುಗಳು ತಿರುಗುತ್ತಿದ್ದವು. ಫಿಲ್ಟರನ್ನು ಹೊರತೆಗೆದಳು. ಇಷ್ಟು ವಾರ ಕಲ್ಲುಧೂಳಿನ ಬೀದಿಯ ಗಾಳಿ ಸೋಸಿದ್ದರೂ ಅದು ಅಂಗಡಿಯಿಂದ ತಂದಂತೆ ಬೆಳ್ಳಗಿತ್ತು. ಅದನ್ನು ನೋಡಿ ಅವಳಿಗೆ ಸಂಶಯ ಬರಬೇಕಾಗಿತ್ತು; ಸಮಾಧಾನ ಬಂತು. ಪರೀಕ್ಷೆಯವನು ಬಿಟ್ಟುಹೋಗಿದ್ದ ಹೊಗೆಕಡ್ಡಿ ಹಿಡಿದು ಮುಂಬಾಗಿಲಿನ ಬಳಿ ನಿಂತಳು. ಕೀಲಿಕೈ ತೂತಿನ ಎದುರು ಹೊಗೆ ಒಂದು ಕ್ಷಣ ನಿಂತು, ಆಮೇಲೆ ಯಾರೋ ಹೊರಗಿನಿಂದ ಊದಿದಂತೆ ನೇರವಾಗಿ ಅವಳ ಮುಖಕ್ಕೆ ಬಂತು. ಮನೆ ಆ ತೂತಿನಿಂದ ಉಸಿರೆಳೆಯುತ್ತಿತ್ತು. ಅವಳು ತೂತಿಗೆ ಟೇಪು ಹಚ್ಚಿದಳು.

ಟೇಪು ಹಚ್ಚಿದ ಸಂಜೆ ಸದ್ದು ಬಚ್ಚಲಿಗೆ ಹೋಯಿತು. ನೀರು ಹೋಗುವ ಕೊಳವೆಯೊಳಗೆ ಗೊರಗೊರ ಎಂದು, ಎದೆಯಲ್ಲಿ ಕಫ ಕಟ್ಟಿದವರ ಹಾಗೆ. ಚರಂಡಿಯ ವಾಸನೆ ಮನೆಯೊಳಕ್ಕೆ ಬಂತು. ಗೋಡೆಯ ಕ್ಯಾಲೆಂಡರಿನ ಹಾಳೆ ಮೇಲೆದ್ದು ಕುಳಿತಿತು. ಅವಳು ಟೇಪು ಕಿತ್ತು ಹಾಕಿದಳು. ಉಬ್ಬಸ ಕೀಲಿಕೈ ತೂತಿಗೆ ಮರಳಿತು.

ಅಜ್ಜಿಯ ಮಾತನ್ನು ಮಗು ಎಲ್ಲಿಂದಲೋ ಕೇಳಿಸಿಕೊಂಡಿತ್ತು. ಒಂದು ಮಧ್ಯಾಹ್ನ ಸೊಸೆ ಮಹಡಿಯಿಂದ ಇಳಿದು ಬಂದಾಗ ಪೀಪಿ ಮುಂಬಾಗಿಲಿಗೆ ತನ್ನ ದಿಂಬನ್ನು ಒರಗಿಸಿ ಇಟ್ಟು, ಪಕ್ಕದಲ್ಲಿ ಕುಳಿತು ಬಾಗಿಲಿನ ಹಲಗೆಯನ್ನು ಸವರುತ್ತಿದ್ದಳು.

"ಏನು ಮಾಡ್ತಿದೀಯ?"

"ಸಂಜೆ ಆದ್ರೆ ಅದಕ್ಕೆ ಜಾಸ್ತಿ ಆಗತ್ತಮ್ಮ. ನನಗೂ ಹಾಗೇ ಆಗ್ತಿತ್ತು. ಈಗ್ಲೇ ಒರಗಿಸಿ ಕೂರಿಸಿದ್ರೆ ಒಳ್ಳೇದು."

"ಅದು ಬಾಗಿಲು ಪುಟ್ಟಾ. ಅದಕ್ಕೆ ಏನೂ ಆಗಿಲ್ಲ."

"ನನಗೂ ಎಲ್ಲರೂ ಹಾಗೇ ಹೇಳ್ತಿದ್ರು," ಎಂದಳು ಪೀಪಿ.

ಜಗಳವಾದದ್ದು ಅದರ ಮರುವಾರ. ಸೊಸೆ ಕಪಾಟಿನೊಳಗೆ ತಲೆಯಿಟ್ಟು, ಕೊಳವೆಯೊಂದನ್ನು ಬಿಚ್ಚಿ ನೋಡಲೆಂದು ಯಂತ್ರವನ್ನು ನಿಲ್ಲಿಸಿದ ಹೊತ್ತು. ಅದೇ ಹೊತ್ತಿಗೆ, ಯಾರಿಗೂ ಹೇಳದೆ, ಪೀಪಿ ಡ್ರಾಯರಿನಿಂದ ತನ್ನ ಪಂಪನ್ನು ತೆಗೆದು, ಅದರ ಬಾಯನ್ನು ಕೀಲಿಕೈ ತೂತಿಗೆ ಹಿಡಿದು ಒತ್ತಿದ್ದಳು. ತನಗೆ ಕಲಿಸಿದ್ದಂತೆ ಉಸಿರು ಹಿಡಿದಿಟ್ಟುಕೊಳ್ಳಲು ಬಾಗಿಲಿಗೆ ಹೇಳಿ, ಮತ್ತೊಮ್ಮೆ ಒತ್ತಿದಳು. ಉಬ್ಬಸ ನಿಂತಿತು. ಇಡೀ ಮನೆ ನಿಶ್ಶಬ್ದವಾಯಿತು.

ಹಿತ್ತಲಿನಿಂದ ಬಂದ ಅಜ್ಜಿ ಅದನ್ನು ಕಂಡಳು. ಮೊಮ್ಮಗಳ ಕೈಯಿಂದ ಪಂಪನ್ನು ಕಿತ್ತುಕೊಂಡಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಕೈಗೆ ಏಟು ಕೊಟ್ಟಳು. ಮಗು ಅಳಲಿಲ್ಲ. ಅವಳು ಅಳದೆ ನಿಂತಿದ್ದನ್ನು ಕಂಡು ಅಜ್ಜಿಯೇ ನೆಲಕ್ಕೆ ಕುಳಿತು, ಮಗುವಿನ ಎದೆಗೆ ಕಿವಿಯಿಟ್ಟು, "ಉಸಿರಾಡು, ಉಸಿರಾಡು," ಎನ್ನತೊಡಗಿದಳು.

"ಅತ್ತೆ, ನಾನು ಮೆಷಿನ್ ಆಫ್ ಮಾಡಿದ್ದೆ. ಅದಕ್ಕೇ ನಿಂತಿದ್ದು."

"ನೀನು ಆಫ್ ಮಾಡಿದ್ದೂ, ಇವಳು ಔಷಧಿ ಕೊಟ್ಟಿದ್ದೂ ಒಟ್ಟಿಗೇ ಆಯ್ತು. ನಿಂತಿದ್ದು ಯಾವುದಕ್ಕೆ ಅಂತ ನಿನಗೆ ಹೇಗೆ ಗೊತ್ತು?"

ಸೊಸೆ ಯಂತ್ರವನ್ನು ಮತ್ತೆ ಓಡಿಸಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆಳ್ಳಗೆ ಉಸಿರೆಳೆಯಿತು. ಅಜ್ಜಿಯ ಮುಖದಲ್ಲಿ ಬಣ್ಣ ಮರಳಿತು. ಕಳೆದುಹೋದ ಮಗು ಸಿಕ್ಕಿದಂತೆ ಅವಳು ಬಾಗಿಲನ್ನು ನೋಡಿದಳು ಎಂದು ಸೊಸೆ ಆಮೇಲೆ ಹೇಳಿದ್ದಾಳೆ.

ರಾತ್ರಿಯೂಟದಲ್ಲಿ ಮಾತು ಮುಂದುವರಿಯಿತು. ಮೊಟ್ಟೆಯೂ ರೊಟ್ಟಿಯೂ ಆರಿ ತಣ್ಣಗಾದವು.

"ಮನೆ ಚರಂಡಿಯಿಂದ ಗಾಳಿ ಎಳೀತಿದೆ ರೀ. ಇದು ಹೀಗೇ ನಡೆದ್ರೆ ಮಗು ಮತ್ತೆ ಬೀಳತ್ತೆ. ಗೋಡೆ ಬಿಚ್ಚಿ ಆದ್ರೂ ನೋಡ್ಬೇಕು."

"ಗೋಡೆ ಬಿಚ್ಚಿದ ದಿನ ನಾನು ಈ ಮನೇಲಿರಲ್ಲ," ಎಂದಳು ಅಜ್ಜಿ.

ಇಬ್ಬರೂ ಬಡಗಿಯನ್ನು ನೋಡಿದರು. ಅವನು ರೊಟ್ಟಿಯನ್ನು ಚೂರು ಮಾಡುತ್ತಲೇ ಇದ್ದ, ತಿನ್ನಲಿಲ್ಲ.

"ನಾನು ಬಡಗಿ. ನನ್ನನ್ನ ನ್ಯಾಯ ಹೇಳೋಕೆ ಕೂರಿಸ್ಬೇಡಿ."

"ಏನಾದ್ರೂ ಒಂದು ಹೇಳಿ."

"ಮಗು ಚೆನ್ನಾಗಿದೆಯಲ್ಲ," ಎಂದ ಅವನು ತಲೆಯೆತ್ತದೆ. "ಮೆಟ್ಟಿಲು ಓಡಿ ಹತ್ತುತ್ತೆ. ಇನ್ನೊಂದು ತಿಂಗಳು ಬಿಡು. ಮನೆ ತಾನೇ, ಉಬ್ಬಸ ಪಡಲಿ."

ಹೆಂಡತಿ ಅವನ ತಟ್ಟೆಯನ್ನು ಎತ್ತಿಕೊಂಡು ಹೋದಳು. "ಇಬ್ಬರೂ ಅಮ್ಮ ಮಗ ಸರಿಯಾಗಿದ್ದೀರಿ. ಟೇಪು ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆದದ್ದು ದಂಡ," ಎಂದು ಅಡುಗೆಮನೆಯಿಂದ ಕೇಳಿಸಿತು.

ಗಡಿ ದಾಟಿದ್ದು ಸೊಸೆಯೇ, ಅದೂ ಅಕಸ್ಮಾತ್ತಾಗಿ. ಅಜ್ಜಿ ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗಿದ್ದ ಬೆಳಿಗ್ಗೆ ಗಾಳಿ ಜೋರಾಗಿ ಬೀಸಿ, ಕಾರ್ಖಾನೆಯ ಕಡೆಯಿಂದ ಬಿಳಿಯ ಪರದೆಯೇ ಎದ್ದು ಬಂತು. ಒಣಗಲು ಹಾಕಿದ ಬಟ್ಟೆಗಳನ್ನು ಒಳಗೆ ತರಲೆಂದು ಅವಳು ಹಿತ್ತಲಿಗೆ ಓಡಿದಳು. ತಂತಿಯಿಂದ ಒಂದೊಂದೇ ಎಳೆದುಕೊಂಡಳು. ಗೋಡೆಯ ಹತ್ತಿರದ ಬಟ್ಟೆಯೊಂದು ಎಳೆದರೆ ಬರಲಿಲ್ಲ. ಅದು ತಂತಿಯ ಮೇಲೆ ಇರಲಿಲ್ಲ. ಹಾಸಿಗೆಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ, ಗಾಳಿಯ ದುಂಡು ಬಾಯಿಗೆ ಹಗ್ಗದಿಂದ ಬಿಗಿದು ಕಟ್ಟಿತ್ತು. ಮೇಲ್ಮೈ ಕಲ್ಲುಧೂಳಿನಿಂದ ಸಿಮೆಂಟಿನ ಹಾಗೆ ಬೂದಿಬಣ್ಣವಾಗಿತ್ತು. ಬಟ್ಟೆಯ ನಡುಭಾಗ ಒಳಕ್ಕೆ ಸೆಳೆಯಲ್ಪಟ್ಟು ಚಪ್ಪಟೆಯಾಗಿತ್ತು, ಬಾಯಿ ಕಟ್ಟಿಸಿಕೊಂಡವರ ತುಟಿಗಳ ಮೇಲೆ ಬಟ್ಟೆ ಕೂರುವ ಹಾಗೆ.

ಯಂತ್ರ ಹಳೆಯ ಗಾಳಿಯನ್ನು ಹೊರಗೆ ತಳ್ಳುತ್ತಲೇ ಇತ್ತು. ಒಳಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಅಜ್ಜಿ ಮರಳಿ ಬರುವವರೆಗೂ ಸೊಸೆ ತೋಳತುಂಬ ಬಟ್ಟೆ ಹಿಡಿದು, ಧೂಳಿನಲ್ಲೇ ನಿಂತಿದ್ದಳು.

"ಯಾವತ್ತಿಂದ ಅತ್ತೆ?"

"ಬಂದ ಮೂರ್ನಾಲ್ಕು ದಿನದಿಂದ. ಲಾಂಡ್ರೀಲಿ ನಾವೆಲ್ಲ ಮುಖಕ್ಕೆ ಒದ್ದೆಬಟ್ಟೆ ಕಟ್ಕೊಂಡೇ ಕೆಲಸ ಮಾಡಿದ್ದು. ಇಡೀ ಮನೆಗೆ ಒಂದೇ ಬಾಯಿ ಅಂದೆಯಲ್ಲ. ಆ ಬಾಯಿಗೆ ಕಟ್ಟಿದೆ. ದಿನಾ ಬಿಚ್ಚಿ, ಒದರಿ, ಒಗೆದು, ಮತ್ತೆ ಕಟ್ತೀನಿ."

ಸೊಸೆ ನಗತೊಡಗಿದಳು. ಅಷ್ಟು ವಾರಗಳ ಬಿಗಿತವೆಲ್ಲ ಸಡಿಲಿ ಬಂದ ನಗು ಅದು. ಬಟ್ಟೆಗಳ ಮೇಲೆ ಮುಖವಿಟ್ಟು ನಕ್ಕಳು. "ಉಬ್ಬಸಾನೂ ಅಲ್ಲ, ಏನೂ ಅಲ್ಲ. ಗಾಳಿ ಸಿಗದೆ ಮನೆ ಸಂದಿಯಿಂದ ಎಳ್ಕೊಳ್ತಿತ್ತು ಅಷ್ಟೆ. ಬಟ್ಟೆ ಬಿಚ್ಚಿದ್ರೆ ನಿಂತೋಗತ್ತೆ."

ಅಜ್ಜಿ ನಗಲಿಲ್ಲ. "ಮಗೂದು ವಾಸಿಯಾಗಿದ್ದು ಯಾವಾಗ? ನಾನು ಬಟ್ಟೆ ಕಟ್ಟಿದ ಮೇಲೆ."

"ಮನೆಗೆ ಬಂದ ಮೇಲೆ ಅತ್ತೆ."

"ಎರಡೂ ಒಂದೇ ವಾರ. ನೀನು ನಿನ್ನ ಮೆಷಿನ್ ಅಂತೀಯ, ನಾನು ನನ್ನ ಬಟ್ಟೆ ಅಂತೀನಿ. ಆ ಉಬ್ಬಸಕ್ಕೆ ಗೊತ್ತು ತಾನು ಅವಳನ್ನ ಯಾಕೆ ಬಿಟ್ಟುಬಂದೆ ಅಂತ." ಅವಳು ಗೋಡೆಯನ್ನು ನೋಡಿದಳು. "ನಿನಗೆ ಸದ್ದು ಹೇಗೆ ಬಂತು ಅಂತ ಸಿಕ್ತು. ಅದು ಯಾಕೆ ನಮ್ಮ ಮಗೂ ಥರಾನೇ ಇತ್ತು, ಅದು ಸಿಕ್ತಾ?"

ಸೊಸೆ ಹಗ್ಗಕ್ಕೆ ಕೈಹಾಕಿದಾಗ ಅಜ್ಜಿ ಅವಳ ಮಣಿಕಟ್ಟು ಹಿಡಿದಳು. "ಬಿಚ್ಚಲೇಬೇಕಾ?"

"ಬಿಚ್ಚಲೇಬೇಕು."

"ಹಾಗಾದ್ರೆ ನಾನೇ ಬಿಚ್ತೀನಿ. ನೀನು ಒಳಗೆ ಹೋಗು."

ಸೊಸೆ ಒಳಗೆ ಹೋದಳು. ಅಡುಗೆಮನೆಯ ಮೂರು ಪದರ ಗಾಜಿನ ಹಿಂದಿನಿಂದ ನೋಡಿದಳು. ಆ ಗಾಜಿನ ಮೂಲಕ ಏನೂ ಕೇಳಿಸುವುದಿಲ್ಲ. ಅಜ್ಜಿ ಹಗ್ಗ ಸಡಿಲಿಸಿ, ಬಟ್ಟೆಯನ್ನು ತೆಗೆದು, ಅದು ಇದ್ದ ಜಾಗಕ್ಕೆ ತನ್ನ ಮುಖವನ್ನು ಒಡ್ಡಿ ನಿಂತಳು. ಜಾಲರಿಗೆ ತುಟಿ ತಾಗುವಷ್ಟು ಹತ್ತಿರ. ಏನನ್ನೋ ಹೇಳುತ್ತಿದ್ದಂತೆ ದವಡೆ ಆಡಿತು. ಆಮೇಲೆ ಎದೆ ಉಬ್ಬುವಂತೆ ದೀರ್ಘವಾಗಿ ಉಸಿರೆಳೆದುಕೊಂಡು, ಬಾಯಿ ಮುಚ್ಚಿಕೊಂಡಳು. ಮನೆಯೊಳಗೆ ಉಬ್ಬಸ ನಿಂತಿತು.

ಆ ವಾರವೆಲ್ಲ ಊಟದ ಹೊತ್ತಿಗೆ ಚಮಚಗಳು ಸದ್ದು ಮಾಡದೆ ಆಡಿದವು. ಪೀಪಿ ತುತ್ತು ನುಂಗಿದರೆ ಮೂವರೂ ಅಗಿಯುವುದನ್ನು ನಿಲ್ಲಿಸುತ್ತಿದ್ದರು.

"ಯಾಕೆ ಎಲ್ಲರೂ ನನ್ನೇ ನೋಡ್ತೀರಿ?"

"ಚೆಂದ ಕಾಣ್ತೀಯ ಅದಕ್ಕೆ," ಎಂದ ಬಡಗಿ.

"ಅದು ಸತ್ತೋಯ್ತಾ ಅಪ್ಪ? ಬಾಗಿಲದ್ದು?"

"ವಾಸಿ ಆಯ್ತು."

ಪೀಪಿ ಓಡಿದಳು, ಹತ್ತಿದಳು, ಇಳಿದಳು. ಅವಳ ಎದೆ ತಿಳಿಯಾಗಿಯೇ ಇತ್ತು. ಫಿಲ್ಟರು ಇರಬೇಕಾದಂತೆ ಬೂದಿಬಣ್ಣಕ್ಕೆ ತಿರುಗಿತು. ಬಚ್ಚಲಿನ ಬಾಗಿಲು ಇಟ್ಟಲ್ಲಿ ನಿಂತಿತು. ಮುಂಬಾಗಿಲನ್ನು ಈಗ ಮಗುವೇ ಒಂದು ಕೈಯಿಂದ ತೆರೆಯಬಲ್ಲವಳಾದಳು. ಚಿಕ್ಕಜ್ಜ ಬಂದವನು, "ನಿಮ್ಮನೆ ಈಗ ನನ್ನ ಹತ್ರ ಮಾತೇ ಆಡಲ್ಲ," ಎಂದು ದೂರಿಕೊಂಡ. ಈ ಬಾರಿ ಎಲ್ಲರೂ ನಕ್ಕರು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಆ ದಿನ ಮೇಜಿಗೆ ಬಂದಿರಲಿಲ್ಲ.

ಮನೆಯೊಳಗೆ ಸೆಕೆ ಎಂದು ಅವಳು ಒಗೆಯುವ ಶೆಡ್ಡಿನಲ್ಲಿ ಮಂಚ ಹಾಕಿಸಿಕೊಂಡಿದ್ದಳು. ತಟ್ಟೆಯನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದಳು. ಉದ್ದುದ್ದ ಬೈಯುತ್ತಿದ್ದವಳು ಈಗ ಒಂದೆರಡು ಮಾತಿನಲ್ಲಿ ಬೈಗುಳ ಮುಗಿಸುತ್ತಿದ್ದಳು. ಸೊಸೆಯ ಮೇಲಿನ ಮುನಿಸು ಎಂದು ಬಡಗಿ ತಿಳಿದ. ಸೊಸೆಯೂ ಹಾಗೇ ತಿಳಿದು, ತಟ್ಟೆಯಲ್ಲಿ ಒಂದು ಮೊಟ್ಟೆ ಹೆಚ್ಚು ಇಟ್ಟು ಕಳಿಸುತ್ತಿದ್ದಳು.

ಆಮೇಲೊಂದು ಮಧ್ಯಾಹ್ನ, ಹಿತ್ತಲಿನ ಬಾಗಿಲು ತೆರೆದಿದ್ದಾಗ, ಮಹಡಿಯಲ್ಲಿ ಕುಳಿತಿದ್ದ ಸೊಸೆಗೆ ಅದು ಮತ್ತೆ ಕೇಳಿಸಿತು. ತೆಳ್ಳಗೆ, ಉದ್ದಕ್ಕೆ ಎಳೆದು, ಕೊನೆಯಲ್ಲಿ ನಡುಗಿ ನಿಲ್ಲುವುದು. ಅವಳು ಹೊಗೆಕಡ್ಡಿ ಹಚ್ಚಿ ಕೀಲಿಕೈ ತೂತಿಗೆ ಹಿಡಿದಳು. ಹೊಗೆ ಅಲುಗದೆ ನೆಟ್ಟಗೆ ಮೇಲಕ್ಕೆ ಹೋಯಿತು. ಮನೆಯ ಉಸಿರು ಸರಿಯಾಗಿತ್ತು. ಅವಳು ಸದ್ದಿನ ಹಿಂದೆ ಹೋದಳು. ಅಡುಗೆಮನೆ ದಾಟಿ, ತಂತಿಗಳ ಕೆಳಗೆ ಹಾದು, ಶೆಡ್ಡಿನ ಬಾಗಿಲಿಗೆ ಬಂದಳು.

ಅಜ್ಜಿ ಮಂಚದ ಅಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು. ಎರಡೂ ಅಂಗೈಗಳನ್ನು ಮೊಣಕಾಲಿಗೆ ಊರಿ, ಭುಜಗಳನ್ನು ಕಿವಿಯವರೆಗೆ ಎತ್ತಿ, ಪೀಪಿ ಕೂರುತ್ತಿದ್ದ ಹಾಗೇ. ಸೊಸೆಯನ್ನು ಕಂಡು ಸದ್ದನ್ನು ನುಂಗಲು ನೋಡಿದಳು; ಆಗಲಿಲ್ಲ.

"ಆ ಧೂಳುಬಟ್ಟೆ ದಿನಾ ಒದರಿ ಒದರಿ ಬಂದದ್ದು ಇದು," ಎಂದಳು ಸೊಸೆ. "ಕಲ್ಲುಧೂಳೆಲ್ಲ ನಿಮ್ಮ ಎದೆಗೇ ಹೋಗಿದೆ. ಏಳಿ, ಡಾಕ್ಟರ ಹತ್ರ ಹೋಗೋಣ."

ಅವಳು ಓಡಿ ಹೋಗಿ ಡ್ರಾಯರಿನಿಂದ ಪಂಪನ್ನು ತಂದಳು. ಅಜ್ಜಿ ತುಟಿ ಬಿಗಿದುಕೊಂಡು ತಲೆಯಲ್ಲಾಡಿಸಿದಳು.

"ಒಂದು ಸಲ ಒತ್ಕೊಳ್ಳಿ ಅತ್ತೆ, ದಮ್ಮಯ್ಯ."

"ನಾನೇ ಕರೆಸ್ಕೊಂಡಿದೀನಿ ಅದನ್ನ." ಒಂದು ಉಸಿರು. "ಇಲ್ಲಿದ್ರೆ," ಮತ್ತೊಂದು, "ನನಗೆ ಗೊತ್ತಿರತ್ತೆ ಎಲ್ಲಿದೆ ಅಂತ."

"ನೀವು ಸಾಯ್ತೀರಿ ಹೀಗಾದ್ರೆ."

ಅಜ್ಜಿ ಸ್ವಲ್ಪ ಹೊತ್ತು ಉಸಿರನ್ನು ಕೂಡಿಸಿಕೊಂಡಳು. ಅವಳ ಕಣ್ಣುಗಳಲ್ಲಿ ಹಟವಿರಲಿಲ್ಲ. ಕೆಲಸವೊಂದನ್ನು ಒಪ್ಪಿಕೊಂಡವಳ ಜಾಗರೂಕತೆಯಿತ್ತು. "ತಗೋತೀನಿ. ಬೇಡ ಅನ್ನಲ್ಲ. ಮೊದ್ಲು ಅವಳು ಸ್ಕೂಲಿಂದ ಬರ್ಲಿ. ಅವಳ ಎದೆ ಕೇಳು, ಅಲ್ಲಿಗೆ ಹೋಗಿಲ್ಲ ತಾನೇ ಅಂತ. ಆಮೇಲೆ ಕೊಡು."

ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ಸೊಸೆ ಪಂಪು ಹಿಡಿದ ಕೈಯಲ್ಲೇ 'ಇರಿ' ಎಂದು ಸನ್ನೆ ಮಾಡಿ ಹಿತ್ತಲಿನ ಗೇಟಿಗೆ ಬಂದಳು. ಪೀಪಿ ಚೀಲವನ್ನು ಬೆನ್ನ ಮೇಲೆ ಕುಣಿಸುತ್ತ ಓಡಿಬಂದಳು. ತಾಯಿ ಮಣ್ಣಿನಲ್ಲಿ ಮಂಡಿಯೂರಿ, ಅವಳ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಕಿವಿಯಿಟ್ಟಳು. ಓಟದ ಬಡಿತ, ಅದರ ಕೆಳಗೆ ಗಾಳಿ ಸಲೀಸಾಗಿ ಹೋಗಿ ಬರುತ್ತಿತ್ತು. ತಿಳಿಯಾಗಿತ್ತು. ಬೆನ್ನ ಹಿಂದೆ ಶೆಡ್ಡಿನೊಳಗಿಂದ ಉದ್ದನೆಯ ಎಳೆತವೊಂದು ನಡುಗಿ ನಿಂತಿತು.

"ಅಜ್ಜಿಗೆ ಬಂದಿದೆ ಅಮ್ಮ," ಎಂದಳು ಪೀಪಿ. ಅವಳ ಕಣ್ಣು ತಾಯಿಯ ಮುಷ್ಟಿಯಲ್ಲಿದ್ದ ಪಂಪಿನ ಮೇಲಿತ್ತು. "ಬೇಗ ಕೊಡು. ನಂಗೊತ್ತು, ತಡ ಮಾಡ್ಬಾರ್ದು."

"ಕೊಡ್ತೀನಿ," ಎಂದಳು ತಾಯಿ. ಕಿವಿಯನ್ನು ಎತ್ತಲಿಲ್ಲ. ಮಗುವಿನ ಬೆನ್ನಿನ ಹಿಂದೆ ಅವಳ ಬೆರಳುಗಳು ಪಂಪಿನ ಸುತ್ತ ಬಿಗಿದುಕೊಂಡವು.

"ಅಮ್ಮಾ, ಏಳು."

"ಇರು," ಎಂದಳು ಅವಳು. "ಇನ್ನೊಂದು ಸಲ ಉಸಿರೆಳಿ."